ದಾಕ್ಷಿಣ್ಯದ ದ್ವಾರಪಾಲಕ

ದಾಕ್ಷಿಣ್ಯವೆಂಬುದು ನಮ್ಮ ಮಧ್ಯಮ ವರ್ಗದ ಮನೆಗಳ ಹುಟ್ಟುಗುಣ. ಸಾಲ ಕೇಳಲು ಬಂದ ದೂರದ ನೆಂಟನಿಗೆ ‘ಇಲ್ಲ’ ಎನ್ನಲಾರದೆ ಕಾಫಿ ಕೊಟ್ಟು, ಕಾಫಿಯ ಹಿಂದೆಯೇ ಹಣವನ್ನೂ ಕೊಟ್ಟು, ಆತನು ಬೀದಿಯ ತಿರುವು ದಾಟಿದ ಮೇಲೆ ಪರಿತಪಿಸುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಮನುಷ್ಯರಲ್ಲಿ ಈ ಗುಣ ಒಂದು ಮಿತಿಯವರೆಗೆ ಭೂಷಣವೇ ಸರಿ. ಆದರೆ ಬಾಗಿಲು ಕಾಯುವವನಿಗೇ ದಾಕ್ಷಿಣ್ಯ ಅಂಟಿಕೊಂಡರೆ ಮನೆಯ ಗತಿಯೇನು?

ಇಂದು ನಮ್ಮ ಬ್ಯಾಂಕು, ಆಸ್ಪತ್ರೆ, ಕಾಲೇಜು, ಕಚೇರಿಗಳ ಬಾಗಿಲಲ್ಲಿ ಇಂತಹ ದ್ವಾರಪಾಲಕರು ನಿಂತಿದ್ದಾರೆ. ಬೇಲೂರಿನ ಜಯ ವಿಜಯರಂತೆ ಅವರಿಗೆ ಗದೆಯಿಲ್ಲ, ಕಿರೀಟವಿಲ್ಲ. ಮೂಲೆಯ ಕಪಾಟಿನಲ್ಲಿ, ಧೂಳಿನ ನಡುವೆ, ಹಸುರು ದೀಪ ಮಿಟುಕಿಸುತ್ತ ಕುಳಿತ ಲೋಹದ ಪೆಟ್ಟಿಗೆಗಳವು. ಬಲ್ಲವರು ಅವುಗಳನ್ನು ‘ಗೇಟ್‌ವೇ’ ಎನ್ನುತ್ತಾರೆ. ಹೆಬ್ಬಾಗಿಲು ಎಂದೇ ಅದರ ಅರ್ಥ. ಹೊರಗಿನ ಅಂತರಜಾಲದಿಂದ ಬರುವ ಪ್ರತಿಯೊಂದು ಮಾತೂ ಈ ಪೆಟ್ಟಿಗೆಯ ಅಪ್ಪಣೆ ಪಡೆದೇ ಒಳಗೆ ಹೋಗಬೇಕು.

ನಮ್ಮ ಗಿರಿನಗರವನ್ನೇ ತೆಗೆದುಕೊಳ್ಳೋಣ. ಬನಶಂಕರಿ ಮೂರನೆಯ ಹಂತದ ನೆರೆಯ ಈ ಬಡಾವಣೆಯಲ್ಲಿ ಸೀತಾ ಸರ್ಕಲ್ಲಿನಿಂದ ಹೊರಟು ನಾಲ್ಕು ಅಡ್ಡರಸ್ತೆ ಸುತ್ತಿದರೆ ಬ್ಯಾಂಕಿನ ಶಾಖೆ, ಹಲ್ಲಿನ ಡಾಕ್ಟರ ಶಾಪು, ಆಡಿಟರ ಕಚೇರಿ, ಮಕ್ಕಳ ಶಾಲೆ ಎಲ್ಲವೂ ಸಿಕ್ಕುತ್ತವೆ. ಮಹಡಿಯ ಕೋಣೆಯಲ್ಲಿ ಕುಳಿತು ವೈಟ್‌ಫೀಲ್ಡಿನ ಕಚೇರಿಯ ಕೆಲಸವನ್ನೋ ಅಮೆರಿಕದ ಕಂಪನಿಯ ಕೆಲಸವನ್ನೋ ಮಾಡುವ ಮಗ, ಮಗಳು, ಸೊಸೆಯಂದಿರೂ ಇದ್ದಾರೆ. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಹಬ್ಬಿದ ಈ ಪದ್ಧತಿ ಎಷ್ಟೋ ಮನೆಗಳಲ್ಲಿ ಹಾಗೆಯೇ ನೆಲೆನಿಂತಿದೆ. ಆ ಮಗ ಒತ್ತಿದ ಗುಪ್ತಪದ, ಆಡಿಟರು ಕಳಿಸಿದ ಲೆಕ್ಕ, ಡಾಕ್ಟರು ತರಿಸಿದ ರಕ್ತಪರೀಕ್ಷೆಯ ವರದಿ ದಾರಿಯಲ್ಲಿ ಎಷ್ಟೋ ಅಪರಿಚಿತರ ತಂತಿಗಳ ಮೇಲೆ ಹಾದುಹೋಗುತ್ತವೆ. ಅಂಚೆಯ ಕಾರ್ಡಿನ ಒಕ್ಕಣೆಯನ್ನು ಕೈಗೆ ಸಿಕ್ಕವರೆಲ್ಲ ಓದಬಹುದು. ಆದರೆ ಈ ಮಾತುಗಳನ್ನು ಓದಲಾಗದು. ಏಕೆಂದರೆ ಅವು ಗೂಢಲಿಪಿಯಲ್ಲಿ ಹೋಗುತ್ತವೆ. ಆ ಲಿಪಿಯನ್ನು ಬಿಡಿಸಬಲ್ಲವರು ಇಬ್ಬರೇ: ಈ ತುದಿಯ ಗಣಕಯಂತ್ರ, ಆ ತುದಿಯ ದ್ವಾರಪಾಲಕ.

ಇಬ್ಬರೂ ಮಾತಿಗೆ ತೊಡಗುವ ಮೊದಲು ಒಂದು ಚಿಕ್ಕ ಸಂಭಾಷಣೆ ನಡೆಯುತ್ತದೆ. “ನನಗೆ ಇಂತಿಂತಹ ಗೂಢಲಿಪಿಗಳು ಬರುತ್ತವೆ, ನಿನಗೆ ಯಾವುದು ಒಪ್ಪಿಗೆ?” ಎಂದು ಬಂದವನು ಕೇಳುತ್ತಾನೆ. ದ್ವಾರಪಾಲಕನು ಒಂದನ್ನು ಆರಿಸುತ್ತಾನೆ. ಬಂದವನಿಗೆ ಹೊಸ ಲಿಪಿ ಬಾರದಿದ್ದರೆ, “ಹೋಗಲಿ, ನಿನಗೆ ಬರುವ ಹಳೆಯದರಲ್ಲೇ ಮಾತಾಡೋಣ” ಎಂದು ಒಪ್ಪಿಕೊಳ್ಳುತ್ತಾನೆ. ನಮ್ಮ ಕಥೆಯ ದಾಕ್ಷಿಣ್ಯ ಇರುವುದು ಈ ಒಂದು ಮಾತಿನಲ್ಲಿ.

ಗೂಢಲಿಪಿಯ ಹಳೆಯ ಮನೆತನ

ಗುಟ್ಟಾಗಿ ಬರೆಯುವ ವಿದ್ಯೆ ಪಶ್ಚಿಮದಿಂದ ಬಂದುದೆಂದು ಭಾವಿಸಬೇಕಾದುದಿಲ್ಲ. ವಾತ್ಸ್ಯಾಯನನು ಎಣಿಸಿದ ಅರವತ್ತನಾಲ್ಕು ಕಲೆಗಳಲ್ಲಿ ‘ಮ್ಲೇಚ್ಛಿತವಿಕಲ್ಪ’ ಎಂಬುದೊಂದು. ಅಕ್ಷರಗಳನ್ನು ಅದಲು ಬದಲು ಮಾಡಿ, ಸಂಕೇತ ಬಲ್ಲವರಿಗೆ ಮಾತ್ರ ಅರ್ಥವಾಗುವಂತೆ ಬರೆಯುವ ಕಲೆ ಅದು. ಕನ್ನಡದಲ್ಲಿಯಂತೂ ಕುಮುದೇಂದು ಮುನಿಯ ‘ಸಿರಿಭೂವಲಯ’ವೇ ಇದೆ. ಅದರ ಪುಟಗಳಲ್ಲಿ ಅಕ್ಷರಗಳಿಲ್ಲ; 1ರಿಂದ 64ರವರೆಗಿನ ಅಂಕಿಗಳು 27 ಸಾಲು, 27 ಕಂಬಗಳ ಚೌಕಗಳಲ್ಲಿ ತುಂಬಿವೆ. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬ ಕ್ರಮ ತಿಳಿದವನಿಗೆ ಮಾತ್ರ ಅಂಕಿಗಳು ಪದ್ಯವಾಗಿ ತೆರೆದುಕೊಳ್ಳುತ್ತವೆ. ಅದರ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದು ಬೇರೆಯ ಚರ್ಚೆ. ಇಲ್ಲಿ ಗಮನಿಸಬೇಕಾದುದು ಇಷ್ಟೇ: ಕ್ರಮದ ಗುಟ್ಟು ತಿಳಿಯುವವರೆಗೆ ಗ್ರಂಥ ಭದ್ರ, ತಿಳಿದ ದಿನ ಅದು ತೆರೆದ ಪುಸ್ತಕ.

ಇಂದಿನ ಗೂಢಲಿಪಿಯಲ್ಲಿ ಕ್ರಮವನ್ನು ಯಾರೂ ಮುಚ್ಚಿಡುವುದಿಲ್ಲ. ಅದನ್ನು ಲೋಕಕ್ಕೆಲ್ಲ ಸಾರಿ, ಪಂಡಿತರ ಪರೀಕ್ಷೆಗೆ ಒಡ್ಡುತ್ತಾರೆ. ಮುಚ್ಚಿಡುವುದು ಕೀಲಿಯನ್ನು ಮಾತ್ರ. ಆ ಕೀಲಿ ಸೊನ್ನೆ ಮತ್ತು ಒಂದುಗಳ ಒಂದು ಸರಮಾಲೆ. ಒಂದೊಂದು ಮಣಿಗೂ ‘ಬಿಟ್’ ಎಂದು ಹೆಸರು. ಒಂದು ಮಣಿ ಹೆಚ್ಚಿದರೆ ಕಳ್ಳನು ಪ್ರಯತ್ನಿಸಬೇಕಾದ ಕೀಲಿಗಳ ಸಂಖ್ಯೆ ಇಮ್ಮಡಿಯಾಗುತ್ತದೆ. 40 ಮಣಿಗಳ ಮಾಲೆಯಲ್ಲಿ ಸುಮಾರು ಒಂದು ಲಕ್ಷ ಹತ್ತು ಸಾವಿರ ಕೋಟಿ ಕೀಲಿಗಳು ಸಾಧ್ಯ. 128 ಮಣಿಗಳಾದರೆ ಆ ಸಂಖ್ಯೆಯನ್ನು ಬರೆಯಲು 39 ಅಂಕಿಗಳು ಬೇಕು.

ನಲವತ್ತರ ಬೀಗ

ಒಂದು ಲಕ್ಷ ಕೋಟಿ ಕೀಲಿ ಎಂದರೆ ನಮಗೆ ತಲೆ ಸುತ್ತುತ್ತದೆ, ಗಣಕಯಂತ್ರಕ್ಕೆ ಸುತ್ತುವುದಿಲ್ಲ. 1995ರಲ್ಲಿ ಫ್ರಾನ್ಸಿನ ಡೇಮಿಯನ್ ದೊಲಿಗೆಜ್ ಎಂಬ ತರುಣ ಸಂಶೋಧಕರು ಸುಮಾರು 120 ಗಣಕಯಂತ್ರಗಳನ್ನೂ ಎರಡು ದೊಡ್ಡ ಯಂತ್ರಗಳನ್ನೂ ದುಡಿಸಿ, ಅಂದಿನ ಪ್ರಸಿದ್ಧ ನೆಟ್‌ಸ್ಕೇಪ್ ಬ್ರೌಸರಿನ 40 ಬಿಟ್‌ಗಳ ಬೀಗವನ್ನು ಎಂಟು ದಿನಗಳಲ್ಲಿ ತೆರೆದು ತೋರಿಸಿದರು.

ಅಷ್ಟು ಸಣ್ಣ ಬೀಗ ಮಾಡಿದವರು ಅವಿವೇಕಿಗಳೇ ಎಂದರೆ, ಅಲ್ಲ. ಅಮೆರಿಕ ಸರಕಾರವು ಆಗ ಗೂಢಲಿಪಿಯನ್ನು ಮದ್ದುಗುಂಡುಗಳ ಸಾಲಿನಲ್ಲಿಟ್ಟಿತ್ತು. ತನ್ನ ದೇಶದವರಿಗೆ ಬಲವಾದ ಬೀಗ, ಹೊರದೇಶಗಳಿಗೆ ರಫ್ತಾಗುವುದಕ್ಕೆ 40 ಬಿಟ್‌ಗಳ ದುರ್ಬಲ ಬೀಗ ಎಂಬುದು ಅದರ ನೀತಿ. ಬೇಕೆಂದಾಗ ತಾನು ತೆರೆದು ನೋಡಬಹುದಲ್ಲ! ಈ ನಿರ್ಬಂಧ ಸಡಿಲವಾದುದು 2000ದ ಜನವರಿಯಲ್ಲಿ.

ನಮ್ಮ ದೇಶದ ಕಥೆಯೂ ಸ್ವಾರಸ್ಯವಾಗಿದೆ. ಅಂತರಜಾಲ ಸೇವೆಯನ್ನು ಖಾಸಗಿಯವರಿಗೆ ತೆರೆದಾಗ ಪರವಾನಗಿಯಲ್ಲಿ ಒಂದು ಷರತ್ತು ಸೇರಿತು. ಬಳಕೆದಾರರು 40 ಬಿಟ್‌ಗಳವರೆಗಿನ ಕೀಲಿಯನ್ನು ಅನುಮತಿಯಿಲ್ಲದೆ ಬಳಸಬಹುದು. ಅದಕ್ಕೂ ಮೀರಿದುದು ಬೇಕಾದರೆ ದೂರಸಂಪರ್ಕ ಇಲಾಖೆಯ ಅನುಮತಿ ಪಡೆದು, ಬಿಡಿಸುವ ಕೀಲಿಯನ್ನು ಎರಡು ಭಾಗ ಮಾಡಿ ಠೇವಣಿ ಇಡಬೇಕು. ಇತ್ತ 2001ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಅಂತರಜಾಲ ಬ್ಯಾಂಕಿಂಗಿಗೆ ಮಾರ್ಗಸೂಚಿ ಹೊರಡಿಸಿ, ಗ್ರಾಹಕರ ಬ್ರೌಸರಿಗೂ ಬ್ಯಾಂಕಿನ ಸರ್ವರಿಗೂ ನಡುವೆ 128 ಬಿಟ್‌ಗಳ ಕಾವಲಿರಬೇಕೆಂದಿತು. ಒಂದು ಕಚೇರಿ ‘ನಲವತ್ತು ಸಾಕು’ ಎನ್ನುವಾಗ ಇನ್ನೊಂದು ಕಚೇರಿ ‘ನೂರಿಪ್ಪತ್ತೆಂಟು ಬೇಕು’ ಎನ್ನುತ್ತಿತ್ತು. ಪೆಟ್ಟಿಗೆ ತಯಾರಿಸುವವರು ಏನು ಮಾಡಬೇಕು? ಎಲ್ಲರನ್ನೂ ಸಮಾಧಾನಪಡಿಸುವ ಹಾದಿಯೊಂದೇ: ದ್ವಾರಪಾಲಕನಿಗೆ ಬಲವಾದ ಲಿಪಿಯನ್ನೂ ಕಲಿಸುವುದು, ದುರ್ಬಲವಾದುದನ್ನೂ ಮರೆಸದೆ ಉಳಿಸುವುದು.

ದಾಕ್ಷಿಣ್ಯದ ಬೆಲೆ

ಕಾನೂನು ಸಡಿಲಗೊಂಡಿತು; ಆದರೆ ಪೆಟ್ಟಿಗೆಗಳಿಗೆ ಕಲಿಸಿದ ಹಳೆಯ ಪಾಠವನ್ನು ಅಳಿಸಲು ಯಾರೂ ಮುಂದಾಗಲಿಲ್ಲ. ‘ಇರಲಿ ಬಿಡಿ, ಯಾರಿಗಾದರೂ ಬೇಕಾದೀತು’ ಎಂಬ ದಾಕ್ಷಿಣ್ಯ! ಅದರ ಬೆಲೆ ತಿಳಿದದ್ದು ಹದಿನೈದು ವರ್ಷಗಳ ಮೇಲೆ.

2015ರ ಮಾರ್ಚಿನಲ್ಲಿ ಸಂಶೋಧಕರ ತಂಡವೊಂದು ‘ಫ್ರೀಕ್’ ಎಂಬ ಹೆಸರಿನ ದೋಷವನ್ನು ಪ್ರಕಟಿಸಿತು. ದಾರಿಯ ನಡುವೆ ಕುಳಿತ ಠಕ್ಕನೊಬ್ಬನು, ಬಂದವನು ಬಲವಾದ ಲಿಪಿಯನ್ನು ಕೇಳಿದ್ದರೂ, ಆ ಕೋರಿಕೆಯನ್ನು ತಿದ್ದಿ, “ನನಗೆ ರಫ್ತಿನ ಹಳೆಯ ಲಿಪಿ ಸಾಕು” ಎಂದು ದ್ವಾರಪಾಲಕನಿಗೆ ತಲುಪಿಸಬಹುದಾಗಿತ್ತು. ದ್ವಾರಪಾಲಕನು ಮರುಮಾತಿಲ್ಲದೆ ಒಪ್ಪಿ 512 ಬಿಟ್‌ಗಳ ಹಳೆಯ ಸಾರ್ವಜನಿಕ ಕೀಲಿಯನ್ನು ಮುಂದಿಡುತ್ತಿದ್ದನು. (ಈ ಬಗೆಯ ಕೀಲಿಗೆ ಗಣಿತವೇ ಬೇರೆ, ಇಲ್ಲಿ 512 ಸಣ್ಣ ಸಂಖ್ಯೆಯೇ.) 1999ರಲ್ಲಿ ಅಂತಹ ಒಂದು ಸಂಖ್ಯೆಯನ್ನು ಒಡೆಯಲು ವಿದ್ವಾಂಸರ ತಂಡಕ್ಕೆ ತಿಂಗಳುಗಳೇ ಬೇಕಾಗಿದ್ದವು. 2015ರ ವೇಳೆಗೆ ಬಾಡಿಗೆಯ ಗಣಕಯಂತ್ರಗಳಲ್ಲಿ ಸುಮಾರು ಏಳು ಗಂಟೆ, ಸುಮಾರು 100 ಡಾಲರು ಸಾಕಾಯಿತು. ದುರ್ಬಲ ಬೀಗವನ್ನು ಲೋಕಕ್ಕೆ ಹಂಚಿದ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಸ್ವಂತ ಜಾಲತಾಣವೂ ಈ ದೋಷಕ್ಕೆ ಒಳಗಾಗಿತ್ತೆಂಬುದು ವಿಧಿಯ ವಿನೋದ.

ಮರುವರ್ಷ, 2016ರ ಆಗಸ್ಟಿನಲ್ಲಿ, ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಕಾರ್ತಿಕೇಯನ್ ಭಾರ್ಗವನ್ ಮತ್ತು ಗೇತನ್ ಲೊರೊ ಇನ್ನೊಂದು ದೋಷವನ್ನು ಬಯಲಿಗೆಳೆದರು. ಅದರ ಹೆಸರು ‘ಸ್ವೀಟ್32’. ಅದನ್ನು ತಿಳಿಯಲು ಮದುವೆಮನೆಗೆ ಹೋದರೆ ಸಾಕು. ಊಟದ ಪಂಕ್ತಿಯಲ್ಲಿ 23 ಜನ ಕುಳಿತಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನವಾಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು. ವರ್ಷಕ್ಕೆ 365 ದಿನಗಳಿದ್ದರೂ ಪುನರಾವೃತ್ತಿ ಇಷ್ಟು ಬೇಗ ಬರುತ್ತದೆ. ‘ತ್ರಿವಳಿ ಡೆಸ್’ ಮುಂತಾದ ಹಳೆಯ ಗೂಢಲಿಪಿಗಳು ಮಾತನ್ನು 64 ಬಿಟ್‌ಗಳ ಸಣ್ಣ ತುಂಡುಗಳಾಗಿ ಕತ್ತರಿಸಿ ಬರೆಯುತ್ತವೆ. ಸುಮಾರು 430 ಕೋಟಿ ತುಂಡುಗಳಾಗುವಷ್ಟರಲ್ಲಿ, ಅಂದರೆ 32 ಗಿಗಾಬೈಟ್ ಸಾಗುವಷ್ಟರಲ್ಲಿ, ಎರಡು ತುಂಡುಗಳು ಒಂದೇ ಆಗುವ ಸಂಭವ ತಲೆದೋರುತ್ತದೆ. ಅಲ್ಲಿಂದ ಗುಟ್ಟು ಸೋರಲಾರಂಭ. ಆ ಇಬ್ಬರು 785 ಗಿಗಾಬೈಟ್ ಸಾಗಾಟವನ್ನು ಎರಡು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಕಲೆಹಾಕಿ ಬ್ರೌಸರಿನ ಒಂದು ಗುಟ್ಟಿನ ‘ಕುಕಿ’ಯನ್ನೇ ಬಿಡಿಸಿ ತೋರಿಸಿದರು. ದಿನವಿಡೀ ಕಚೇರಿಯ ಗೇಟ್‌ವೇಗೆ ಅಂಟಿಕೊಂಡು ಕೆಲಸ ಮಾಡುವ ನಮ್ಮ ಮಹಡಿಯ ಕೋಣೆಯ ಮಗನಿಗೆ ಈ ಎಚ್ಚರಿಕೆ ನೇರವಾಗಿ ಅನ್ವಯಿಸುತ್ತದೆ.

ಹುಟ್ಟಿನಲ್ಲೇ ಬಂದ ದೋಷ

ಎಲ್ಲ ದೌರ್ಬಲ್ಯವೂ ಹಳತಾದುದರಿಂದ ಬರುವುದಿಲ್ಲ. ಕೆಲವು ಕಾರ್ಖಾನೆಯಿಂದಲೇ ಬರುತ್ತವೆ. ಸಾರ್ವಜನಿಕ ಕೀಲಿಯ ಗುಟ್ಟು ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳ ಗುಣಾಕಾರದಲ್ಲಿದೆ. ಗುಣಲಬ್ಧವನ್ನು ಲೋಕಕ್ಕೆ ತೋರಿಸಿ, ಗುಣಿಸಿದ ಸಂಖ್ಯೆಗಳನ್ನು ಮುಚ್ಚಿಡುತ್ತಾರೆ. ಅವುಗಳನ್ನು ಯದೃಚ್ಛೆಯಾಗಿ, ಯಾರೂ ಊಹಿಸಲಾಗದಂತೆ, ಆರಿಸಬೇಕು. ಆದರೆ ಆಗತಾನೆ ಪೆಟ್ಟಿಗೆಯಿಂದ ತೆಗೆದು ಗುಂಡಿ ಒತ್ತಿದ ಯಂತ್ರಕ್ಕೆ ಯದೃಚ್ಛೆ ಎಲ್ಲಿಂದ ಬರಬೇಕು? ಒಂದೇ ಅಚ್ಚಿನ ಸಾವಿರ ಯಂತ್ರಗಳು ಒಂದೇ ರೀತಿ ಕಣ್ಣು ತೆರೆದು, ಹಲವು ಯಂತ್ರಗಳು ಒಂದೇ ಅವಿಭಾಜ್ಯವನ್ನು ಆರಿಸಿಕೊಂಡುಬಿಟ್ಟವು.

ಇದರ ಅಪಾಯವನ್ನು ಪ್ರೌಢಶಾಲೆಯ ಮಕ್ಕಳು ಕೂಡ ಹೇಳಬಲ್ಲರು. ಒಬ್ಬನ ಸಂಖ್ಯೆ 35, ಇನ್ನೊಬ್ಬನದು 55 ಎಂದಿಟ್ಟುಕೊಳ್ಳಿ. ಎರಡರ ಮ.ಸಾ.ಅ. ಕಂಡುಹಿಡಿದರೆ 5 ಹೊರಬೀಳುತ್ತದೆ. ಕೂಡಲೇ 7, 11 ಎಂಬ ಉಳಿದ ಗುಟ್ಟುಗಳೂ ಬಯಲು. ಎರಡು ಸಾವಿರ ವರ್ಷಗಳಿಗೂ ಹಿಂದೆ ಯೂಕ್ಲಿಡನು ಬರೆದಿಟ್ಟ ಈ ವಿಧಾನವನ್ನೇ ನಾಡಿಯಾ ಹೆನಿಂಜರ್ ಮತ್ತು ಸಂಗಡಿಗರು 2012ರಲ್ಲಿ ಜಗತ್ತಿನ ಅಂತರಜಾಲಕ್ಕೆಲ್ಲ ಅನ್ವಯಿಸಿದರು. ಪರೀಕ್ಷಿಸಿದ ಭದ್ರ ಸಂಪರ್ಕದ ಯಂತ್ರಗಳಲ್ಲಿ ಸಾವಿರಕ್ಕೆ ಐದರ ಗುಟ್ಟುಕೀಲಿ ಹೀಗೆ ಕೈಗೆ ಬಂದಿತು. ಅವುಗಳಲ್ಲಿ ಬಹುಪಾಲು ರೂಟರು, ಫೈರ್‌ವಾಲುಗಳಂತಹ ಪುಟ್ಟ ದ್ವಾರಪಾಲಕರೇ.

ಅದೇ ವರ್ಷದ ಜುಲೈಯಲ್ಲಿ ನಮ್ಮ ದೇಶದ್ದೇ ಒಂದು ಪೆಟ್ಟಿಗೆ ಸುದ್ದಿಯಾಯಿತು. ಅಹಮದಾಬಾದಿನ ಸೈಬರೋಮ್ ಕಂಪನಿಯ ಗೇಟ್‌ವೇಗಳೆಲ್ಲ ಒಂದೇ ಪ್ರಮಾಣಪತ್ರ, ಒಂದೇ ಗುಟ್ಟುಕೀಲಿ ಹೊತ್ತು ಬಂದಿರುವುದನ್ನು ಸಂಶೋಧಕರು ಎತ್ತಿ ತೋರಿದರು. ಒಂದು ಬಡಾವಣೆಯ ಮನೆಗಳಿಗೆಲ್ಲ ಒಂದೇ ಬೀಗದ ಕೈ ಕೊಟ್ಟಂತೆ! ಕಂಪನಿಯು ಆಮೇಲೆ ತುರ್ತಾಗಿ ತಿದ್ದುಪಡಿ ಕಳಿಸಿ, ಪ್ರತಿಯೊಂದು ಪೆಟ್ಟಿಗೆಗೂ ಪ್ರತ್ಯೇಕ ಕೀಲಿ ಹುಟ್ಟುವಂತೆ ಮಾಡಿತು.

ರಿಪೇರಿಯ ರಾತ್ರಿ

ಹಾಗಾದರೆ ಇದನ್ನು ಸರಿಪಡಿಸುವುದು ಹೇಗೆ? ಇಂತಹ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಈ ಪ್ರಶ್ನೆ ಕೇಳಿದೆ. ದಕ್ಷಿಣ ಬೆಂಗಳೂರಿನ ಒಂದು ಚಿಕಿತ್ಸಾಲಯದ ಕೆಲಸ ಅವನ ಕೈಯಲ್ಲಿತ್ತು.

“ಪೆಟ್ಟಿಗೆ ಕೆಟ್ಟಿದೆಯೇನಪ್ಪ?” ಎಂದೆ.

“ಕೆಟ್ಟಿಲ್ಲ ಸಾರ್. ಹನ್ನೆರಡು ವರ್ಷದ ಹಿಂದೆ ಅದಕ್ಕೆ ಏನು ಹೇಳಿಕೊಟ್ಟಿದ್ದರೋ ಅದನ್ನೇ ಚಾಚೂ ತಪ್ಪದೆ ಮಾಡುತ್ತಿದೆ. ತೊಂದರೆ ಇರುವುದೇ ಅಲ್ಲಿ,” ಎಂದನು.

ಅವನು ವಿವರಿಸಿದ ಕ್ರಮ ಹೀಗಿದೆ. ಮೊದಲು ಹೊರಗಿನಿಂದ ಬಾಗಿಲು ತಟ್ಟಿ, ದ್ವಾರಪಾಲಕನು ಯಾವ ಯಾವ ಲಿಪಿಗೆ ತಲೆಯಾಡಿಸುತ್ತಾನೆಂದು ಪಟ್ಟಿ ಮಾಡಬೇಕು. ಇದಕ್ಕೆಂದೇ ಪರೀಕ್ಷಾ ಸಾಧನಗಳಿವೆ. ಪರೀಕ್ಷೆಯ ಅಂಕಪಟ್ಟಿಯಂತೆ ಶ್ರೇಣಿ ಕೊಡುವವೂ ಇವೆ. ಎರಡನೆಯದಾಗಿ, ಕೆಲವು ವಾರಗಳ ಕಾಲ ದಿನಚರಿ ಬರೆಸಿ, ಹಳೆಯ ಲಿಪಿಯಲ್ಲಿ ನಿಜವಾಗಿ ಯಾರು ಮಾತಾಡುತ್ತಿದ್ದಾರೆಂದು ಗುರುತಿಸಬೇಕು. ಆ ಮೇಲೆ ಪೆಟ್ಟಿಗೆಯ ಈಗಿನ ಏರ್ಪಾಟಿನ ಒಂದು ಪ್ರತಿ ತೆಗೆದಿಟ್ಟು, ತಯಾರಕರ ಹೊಸ ತಿದ್ದುಪಡಿಯನ್ನು ಹಾಕಬೇಕು.

ನಿಜವಾದ ಕೆಲಸ ಇನ್ನು ಮುಂದೆ. ಭದ್ರ ಸಂಭಾಷಣೆಯ ನಿಯಮಾವಳಿಗೆ ಟಿಎಲ್‌ಎಸ್ ಎಂದು ಹೆಸರು. ಅದರ ಪೂರ್ವಜನಾದ 1996ರ ಎಸ್‌ಎಸ್‌ಎಲ್ 3.0ರಲ್ಲಿ 2014ರ ಅಕ್ಟೋಬರಿನಲ್ಲಿ ಮಾರಕ ದೋಷವೊಂದು ಕಂಡುಬಂದಿತು. 1999ರ ಟಿಎಲ್‌ಎಸ್ 1.0, ಅದರ ತಮ್ಮನಾದ 1.1, ಇವೆರಡನ್ನೂ ಅಂತರಜಾಲದ ನಿಯಮಕರ್ತರು 2021ರ ಮಾರ್ಚಿನಲ್ಲಿ ಸೇವೆಯಿಂದ ನಿವೃತ್ತಿಗೊಳಿಸಿದರು. ಈಗ ಉಳಿಯಬೇಕಾದವು 2008ರ 1.2 ಮತ್ತು 2018ರ 1.3 ಮಾತ್ರ. 1.3ರ ಹಿರಿಮೆಯೆಂದರೆ ಅದರಲ್ಲಿ ದಾಕ್ಷಿಣ್ಯಕ್ಕೆ ಎಡೆಯೇ ಇಲ್ಲ. ದುರ್ಬಲ ಲಿಪಿಗಳನ್ನು ಅದಕ್ಕೆ ಕಲಿಸಿಯೇ ಇಲ್ಲ. 1.2ರಲ್ಲಾದರೋ ಆರ್‌ಸಿ4, ತ್ರಿವಳಿ ಡೆಸ್, ರಫ್ತಿನ ಲಿಪಿಗಳು, ಲಿಪಿಯೇ ಇಲ್ಲದ ಬರಿಯ ಸಂಭಾಷಣೆ, ಇವುಗಳನ್ನು ಒಂದೊಂದಾಗಿ ಹೆಸರು ಕೂಗಿ ಹೊರಹಾಕಬೇಕು. ಹಳೆಯ ಕೀಲಿಯನ್ನು ಬಿಸಾಡಿ, ಕನಿಷ್ಠ 2048 ಬಿಟ್‌ಗಳ ಹೊಸ ಕೀಲಿ ಹುಟ್ಟಿಸಬೇಕು.

ಇಷ್ಟಾದರೂ ಅನೇಕರು ಮರೆಯುವ ಸಂಗತಿಯೊಂದಿದೆ. ಮುಂಬಾಗಿಲಿಗೆ ಹೊಸ ಬೀಗ ಜಡಿದವರು ಹಿತ್ತಿಲ ಬಾಗಿಲನ್ನು ನೋಡುವುದಿಲ್ಲ. ಪೆಟ್ಟಿಗೆಯನ್ನು ನಿರ್ವಹಿಸುವ ಪುಟ, ಟಪಾಲು ಸಾಗಿಸುವ ದಾರಿ, ಶಾಖೆಯಿಂದ ಶಾಖೆಗಿರುವ ಸುರಂಗ, ಇವುಗಳಿಗೆ ಬೇರೆ ಬೇರೆ ಏರ್ಪಾಟುಗಳಿರುತ್ತವೆ, ಪ್ರತಿಯೊಂದನ್ನೂ ತಿದ್ದಬೇಕು. ತಯಾರಕರೇ ಕೈಬಿಟ್ಟ ಪೆಟ್ಟಿಗೆಯಾದರೆ ತಿದ್ದುವ ಮಾತೇ ಇಲ್ಲ, ಬದಲಾಯಿಸಲೇಬೇಕು.

ಜಯ ವಿಜಯರ ಸಂಕಟ

ಕೆಲಸ ಸುಲಭವೆಂದು ತೋರಬಹುದು. ಆದರೆ ದ್ವಾರಪಾಲಕನು ‘ಇಲ್ಲ’ ಎನ್ನಲು ಕಲಿತ ಮರುದಿನವೇ ದೂರುಗಳು ಬರಲಾರಂಭಿಸುತ್ತವೆ. ವೈಕುಂಠದ ಬಾಗಿಲಲ್ಲಿ ಸನಕಾದಿಗಳನ್ನು ಬಾಲಕರೆಂದು ಬಗೆದು ತಡೆದ ಜಯ ವಿಜಯರಿಗೆ ಶಾಪ ತಟ್ಟಿತಷ್ಟೆ. ಕಳ್ಳರನ್ನು ತಡೆಯ ಹೊರಟವನು ಅರ್ಹರನ್ನೂ ತಡೆದಾನು ಎಂಬ ಭಯ ಈ ಕೆಲಸದ ಬೆನ್ನಿಗೇ ಇದೆ.

ಆ ಚಿಕಿತ್ಸಾಲಯದಲ್ಲಿ ಆದುದೂ ಅದೇ. ದಿನಚರಿಯನ್ನು ತೆರೆದಾಗ ಹಳೆಯ ಲಿಪಿಯಲ್ಲಿ ಮಾತಾಡುತ್ತಿದ್ದವರು ಇಬ್ಬರೇ ಸಿಕ್ಕಿದರು. ಒಂದು, ರಕ್ತಪರೀಕ್ಷೆಯ ವಿಭಾಗದ ಹಳೆಯ ಯಂತ್ರ. ಅದರ ಗಣಕಕ್ಕೆ ಹೊಸ ಲಿಪಿ ಬಾರದು, ಹೊಸದನ್ನು ಕೊಳ್ಳಲು ಲಕ್ಷಾಂತರ ರೂಪಾಯಿ ಬೇಕು. ಇನ್ನೊಬ್ಬರು ನಿವೃತ್ತ ಉಪಾಧ್ಯಾಯಿನಿ. ವಿದೇಶದಲ್ಲಿರುವ ಮಗ ಎಂದೋ ಕೊಡಿಸಿದ ಫೋನಿನಲ್ಲಿ ತಮ್ಮ ಸಕ್ಕರೆಯ ಅಂಶದ ವರದಿಯನ್ನು ವಾರವಾರವೂ ತಪ್ಪದೆ ನೋಡುತ್ತಿದ್ದವರು. ಆಂಡ್ರಾಯ್ಡಿನ ಹಳೆಯ ಆವೃತ್ತಿಗಳಲ್ಲಿ ಟಿಎಲ್‌ಎಸ್ 1.2 ತಾನಾಗಿ ಚಾಲೂ ಇರುತ್ತಿರಲಿಲ್ಲ. ಬಾಗಿಲು ಮುಚ್ಚಿದರೆ ಅವರಿಗೆ ವರದಿಯಿಲ್ಲ. ತೆರೆದಿಟ್ಟರೆ ಸಾವಿರಾರು ರೋಗಿಗಳ ಗುಟ್ಟು ಅಪಾಯದಲ್ಲಿ.

“ನೀನು ಏನು ಮಾಡಿದೆ?” ಎಂದೆ.

“ಯಂತ್ರವನ್ನು ಒಳಗಿನ ಪ್ರತ್ಯೇಕ ಜಾಲದಲ್ಲಿ ಇಟ್ಟೆವು ಸಾರ್. ಅದರ ಹಳೆಯ ಮಾತನ್ನು ಪಕ್ಕದಲ್ಲಿ ಕೂತ ಒಂದು ಹೊಸ ಗಣಕ ಕೇಳಿಸಿಕೊಂಡು, ಹೊಸ ಲಿಪಿಯಲ್ಲಿ ಹೊರಗೆ ಹೇಳುತ್ತದೆ. ಟೀಚರಮ್ಮನಿಗೆ ಒಂದು ತಿಂಗಳು ಮುಂಚೆಯೇ ಫೋನ್ ಮಾಡಿ ತಿಳಿಸಿದೆವು. ಹೊಸ ಫೋನ್ ಬರುವವರೆಗೆ ವರದಿಯ ಕಾಗದವನ್ನು ಮನೆಗೇ ಕಳಿಸಿದೆವು. ಅಷ್ಟು ಮಾಡಿ ಆ ಮೇಲೆ ಬಾಗಿಲು ಹಾಕಿದೆವು.”

ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು. ದಾಕ್ಷಿಣ್ಯ ಬೇರೆ, ದಯೆ ಬೇರೆ. ಒಬ್ಬರಿಗೆ ನೋವಾದೀತೆಂದು ಎಲ್ಲರ ಬಾಗಿಲನ್ನೂ ತೆರೆದಿಡುವುದು ದಾಕ್ಷಿಣ್ಯ. ಬಾಗಿಲನ್ನು ಭದ್ರಪಡಿಸಿ, ಹೊರಗುಳಿದವರ ಮನೆಗೆ ತಾನೇ ನಡೆದುಹೋಗುವುದು ದಯೆ.

ನಮ್ಮ ಪಾಲಿನ ಕೆಲಸ

ಗೃಹಸ್ಥರು ಮಾಡಬೇಕಾದುದೂ ಸ್ವಲ್ಪವಿದೆ. ಮನೆಯ ವೈಫೈ ಪೆಟ್ಟಿಗೆಯೂ ಒಂದು ಪುಟ್ಟ ದ್ವಾರಪಾಲಕನೇ. ಅದರಲ್ಲಿ ‘ವೆಪ್’ ಎಂಬ ಹಳೆಯ ಬೀಗವಿದ್ದರೆ ಇಂದೇ ತೆಗೆಯಬೇಕು. ಅದು ಮುರಿಯಬಲ್ಲದೆಂದು 2001ರಲ್ಲೇ ಸಿದ್ಧವಾಗಿದೆ. ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ, ಪೆಟ್ಟಿಗೆಯೊಡನೆ ಬಂದ ಗುಪ್ತಪದವನ್ನು ಬದಲಿಸಿ, ವರ್ಷಕ್ಕೆರಡು ಬಾರಿಯಾದರೂ ಹೊಸ ತಿದ್ದುಪಡಿ ಬಂದಿದೆಯೇ ಎಂದು ನೋಡಬೇಕು. ಬ್ರೌಸರು ‘ಈ ಸಂಪರ್ಕ ಭದ್ರವಲ್ಲ’ ಎಂದು ಎಚ್ಚರಿಸಿದಾಗ ‘ಪರವಾಗಿಲ್ಲ, ಮುಂದೆ ಹೋಗು’ ಎಂದು ಒತ್ತುವ ಅಭ್ಯಾಸ ಬಿಡಬೇಕು. ಶಾಲೆ, ಚಿಕಿತ್ಸಾಲಯ, ಸೊಸೈಟಿಗಳ ಸಭೆಯಲ್ಲಿ ಕಟ್ಟಡದ ಸುಣ್ಣಬಣ್ಣದ ಲೆಕ್ಕ ಕೇಳುವ ನಾವು, “ನಮ್ಮ ಗೇಟ್‌ವೇಯನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?” ಎಂದೂ ಕೇಳಬಹುದು.

ಈ ಕೆಲಸ ಒಮ್ಮೆ ಮಾಡಿ ಮುಗಿಸುವಂಥದೂ ಅಲ್ಲ. ಇಂದಿನ ಬಲವಾದ ಸಾರ್ವಜನಿಕ ಕೀಲಿಗಳನ್ನು ನಾಳಿನ ಕ್ವಾಂಟಂ ಗಣಕಗಳು ಮುರಿಯಬಹುದೆಂಬ ಮುಂದಾಲೋಚನೆಯಿಂದ 2024ರ ಆಗಸ್ಟಿನಲ್ಲಿ ಅಮೆರಿಕದ ಮಾನಕ ಸಂಸ್ಥೆಯು ಮೂರು ಹೊಸ ವಿಧಾನಗಳನ್ನು ಪ್ರಕಟಿಸಿತು. ನಮ್ಮ ಬೆಂಗಳೂರಿನಲ್ಲಿಯೂ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯವರು 2021ರಲ್ಲಿ ಎರಡು ಕಟ್ಟಡಗಳ ನಡುವೆ ಬೆಳಕಿನ ಕಣಗಳ ಮೂಲಕ ಕೀಲಿ ಹಂಚುವ ಪ್ರಯೋಗವನ್ನು ಮಾಡಿ ತೋರಿಸಿದ್ದಾರೆ. ಇಂದು ಬಿಡಿಸಲಾಗದ ಮಾತನ್ನು ಕದ್ದು ಕೂಡಿಟ್ಟು, ನಾಳೆ ಬಿಡಿಸಲು ಕಾದಿರುವವರೂ ಇರಬಹುದಾದ್ದರಿಂದ ಈ ಸಿದ್ಧತೆ ನಾಳೆಗೆಂದು ಮುಂದೂಡತಕ್ಕದ್ದಲ್ಲ.

ಕಬ್ಬಿಣದ ಬೀಗ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ, ಕೈಗೆ ಹತ್ತುತ್ತದೆ. ಅಂಕಿಗಳ ಬೀಗ ಹೊಳೆಯುತ್ತಲೇ ಇದ್ದು ಒಳಗೇ ಸವೆಯುತ್ತದೆ. ಆದ್ದರಿಂದ ಅದರ ಬಳಿಗೆ ಆಗಾಗ ಹೋಗಿ, ಯಾರಿಗೆಲ್ಲ ‘ಹೂಂ’ ಎನ್ನುತ್ತಿದ್ದೀಯೆ ಎಂದು ವಿಚಾರಿಸುವವರೊಬ್ಬರು ಪ್ರತಿ ಕಚೇರಿಯಲ್ಲೂ ಬೇಕು.